ಹಳೆಯ ಕಂಪ್ಯೂಟರಿಗೆ ಎಷ್ಟು ಜಿಬಿ ಡಿಸ್ಕ್ ಹಿಡಿಸುತ್ತದೆ?

ತಾಲ್ಲೂಕು ಕೇಂದ್ರದ ಒಂದು ವಾರಪತ್ರಿಕೆ ನಿಂತುಹೋದಾಗ ಅದರ ಕಂಪ್ಯೂಟರ್ ನಮ್ಮ ಪಾಲಿಗೆ ಬಂತು. 2002ರಲ್ಲಿ ಜೋಡಿಸಿದ ಪೆಂಟಿಯಂ 4. ಒಳಗೆ 40 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್. ಜೊತೆಗೆ 1990ರ ದಶಕದ ಆರಂಭದಿಂದ ಕಟ್ಟಿಟ್ಟಿದ್ದ ಸಂಚಿಕೆಗಳನ್ನೂ ಮಾಲೀಕರ ಮನೆಯವರು ಒಂದಷ್ಟು ದಿನಕ್ಕೆಂದು ಕೊಟ್ಟರು. ಸಂತೆಯ ಧಾರಣೆ, ಕೆರೆ ಕೋಡಿ ಬಿದ್ದ ಸುದ್ದಿ, ಮಂಡಲ ಪಂಚಾಯ್ತಿಯ ಜಗಳ, ಶ್ರದ್ಧಾಂಜಲಿಗಳು. ನಮ್ಮ ಸೀಮೆಯ ಈ ಸಂಗತಿಗಳು ಬೇರೆಲ್ಲೂ ಅಚ್ಚಾಗಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿಡೋಣ ಎಂದುಕೊಂಡೆವು.

ಒಂದು ಪುಟದ ಸ್ಕ್ಯಾನ್ ಸುಮಾರು 30 ಎಂಬಿ. ವಾರಕ್ಕೆ 8 ಪುಟ, ವರ್ಷಕ್ಕೆ 52 ವಾರ. ಅಲ್ಲಿಗೆ ವರ್ಷದ್ದು ಹನ್ನೆರಡೂವರೆ ಜಿಬಿ. 40 ಜಿಬಿ ಯಾವ ಮೂಲೆಗೆ? ಅಂಗಡಿಗೆ ಹೋದೆವು. ಅವರು ಬಳಸಿದ 160 ಜಿಬಿ ಡಿಸ್ಕ್ ಒಂದನ್ನು ತಮ್ಮ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಫಾರ್ಮ್ಯಾಟ್ ಮಾಡಿ, ನಮ್ಮದಕ್ಕೆ ಎರಡನೇ ಡಿಸ್ಕ್ ಆಗಿ ಜೋಡಿಸಿಕೊಟ್ಟರು. ತೆರೆಯ ಮೇಲೆ 149 ಜಿಬಿ ಎಂದು ಕಾಣಿಸಿತು. ಇದರಲ್ಲಿ ಮೋಸವಿಲ್ಲ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 500 ಜಿಬಿ ತಂದವರಿಗೆ 465 ಕಾಣುವುದೂ ಇದೇ ಕಾರಣಕ್ಕೆ.

ವಾರವಿಡೀ ಸ್ಕ್ಯಾನ್ ಮಾಡುವುದು, ಆಮೇಲೆ ಒಟ್ಟಿಗೆ ದೊಡ್ಡ ಡಿಸ್ಕಿಗೆ ಸಾಗಿಸುವುದು. ಹನ್ನೊಂದು ವರ್ಷದ ಸಂಚಿಕೆಗಳು ತುಂಬುವವರೆಗೆ ಎಲ್ಲ ಸರಿಯಿತ್ತು. ಹನ್ನೆರಡನೇ ವರ್ಷದ ಮೊದಲ ನಾಲ್ಕು ತಿಂಗಳಿನದನ್ನು ಒಂದು ರಾತ್ರಿ ಕಾಪಿಗೆ ಹಾಕಿ ಮಲಗಿದೆವು. ಮರುದಿನ ಆನ್ ಮಾಡಿದರೆ, ಈ ಡ್ರೈವ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಕೇಳಿತು.

ಬೇಡ ಎಂದು ಒತ್ತಿ, ತಿಳಿದವರೊಬ್ಬರ ಬಳಿ ಒಯ್ದೆವು. ಅವರು ಕಳೆದ ಫೈಲು ಹುಡುಕುವ ತಂತ್ರಾಂಶ ಓಡಿಸಿ ಬಹುಪಾಲನ್ನು ಹೊರತೆಗೆದರು. ಫೈಲುಗಳ ಹೆಸರು ಹೋಗಿತ್ತು, ಪುಟ ನೋಡಿ ನೋಡಿ ಮತ್ತೆ ಜೋಡಿಸಬೇಕಾಯಿತು. ಆದರೆ ಪತ್ರಿಕೆಯ ಮೊಟ್ಟಮೊದಲ ನಾಲ್ಕು ತಿಂಗಳ ಸಂಚಿಕೆಗಳು ಸಿಗಲೇ ಇಲ್ಲ. ಕಾಗದದ ಪ್ರತಿಗಳಾದರೂ ಇವೆಯಲ್ಲ ಎಂದು ಮಾಲೀಕರ ಮನೆಗೆ ಓಡಿದರೆ, ನೀವು ಕಂಪ್ಯೂಟರಿಗೆ ಹಾಕಿಕೊಂಡಿರಲ್ಲ ಎಂದು ಅವರು ಆ ಕಟ್ಟುಗಳನ್ನು ರದ್ದಿಗೆ ಹಾಕಿದ್ದರು.

ಡಿಸ್ಕ್ ಕೆಟ್ಟಿರಬೇಕು ಎಂದೇ ನಾವು ನಂಬಿದ್ದೆವು. ಪರೀಕ್ಷಿಸಿದರೆ ಡಿಸ್ಕ್ ಗಟ್ಟಿಮುಟ್ಟಾಗಿತ್ತು. ಹಾಗಾದರೆ ಹಾಳಾದದ್ದು ಹೇಗೆ? ಹುಡುಕುತ್ತ ಹೋದ ನಮ್ಮನ್ನು ಆ ಪ್ರಶ್ನೆ 1956ರವರೆಗೆ ಹಿಂದಕ್ಕೆ ಕರೆದೊಯ್ಯಿತು.

ಮೊದಲ ಹಾರ್ಡ್ ಡಿಸ್ಕ್ ತಯಾರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನಲ್ಲಿ, ಐಬಿಎಂ ಕಂಪನಿಯ ಪುಟ್ಟ ಪ್ರಯೋಗಾಲಯದಲ್ಲಿ. ಅದರ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಪೆನ್ಸಿಲಿನಲ್ಲಿ ಗುರುತು ಹಾಕಿದ ಉತ್ತರಪತ್ರಿಕೆಯನ್ನು ಯಂತ್ರವೇ ತಿದ್ದುವ ಉಪಾಯ ಕಂಡುಹಿಡಿದು ಐಬಿಎಂ ಸೇರಿದ್ದರು. ಇವರ ತಂಡ ಕಟ್ಟಿದ ರಾಮ್ಯಾಕ್ ಎಂಬ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತಟ್ಟೆಗೆ ಕಬ್ಬಿಣದ ಆಕ್ಸೈಡಿನ ಬಣ್ಣ. ಗಂಟಿಲ್ಲದಂತೆ ಆ ಬಣ್ಣವನ್ನು ಕಾಲುಚೀಲದ ತೆಳು ಬಟ್ಟೆಯಲ್ಲಿ ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವಿಗೆ ಸುರಿಯುತ್ತಿದ್ದರಂತೆ. ದೋಸೆ ಹುಯ್ಯುವವರಿಗೆ ಈ ಕೆಲಸ ಬೇಗ ಅರ್ಥವಾದೀತು, ಇಲ್ಲಿ ಸೌಟಿನ ಬದಲು ತವವೇ ತಿರುಗುತ್ತದೆ ಅಷ್ಟೆ. ಒಂದು ಟನ್ನಿಗೂ ಮಿಕ್ಕಿದ ಆ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ ಸುಮಾರು 5 ಎಂಬಿ. ನಿಮ್ಮ ಕೈಲಿರುವ ಫೋನ್ ತೆಗೆಯುವ ಒಂದು ಫೋಟೋ.

ಡಿಸ್ಕ್ ಸಣ್ಣ ಕಂಪ್ಯೂಟರಿನೊಳಗೆ ಬರಲು ಮತ್ತೆ 24 ವರ್ಷ ಬೇಕಾಯಿತು. 1980ರಲ್ಲಿ ಸೀಗೇಟ್ ಕಂಪನಿ ತಂದ ಎಸ್‌ಟಿ-506ರಲ್ಲೂ 5 ಎಂಬಿಯೇ, ಆದರೆ ತಟ್ಟೆಯ ಅಗಲ ಐದೂಕಾಲು ಇಂಚಿಗೆ ಇಳಿದಿತ್ತು. 1983ರಲ್ಲಿ ಐಬಿಎಂ ತನ್ನ ಪಿಸಿ-ಎಕ್ಸ್‌ಟಿಯಲ್ಲಿ 10 ಎಂಬಿ ಡಿಸ್ಕ್ ಕೂರಿಸಿತು. ಮರುವರ್ಷದ ಪಿಸಿ-ಎಟಿಯಲ್ಲಿ ಇನ್ನೊಂದು ವ್ಯವಸ್ಥೆ ಬಂತು. ಯಾವ ಯಾವ ನಮೂನೆಯ ಡಿಸ್ಕುಗಳನ್ನು ತಾನು ಒಪ್ಪುತ್ತೇನೆ ಎಂಬ ಪಟ್ಟಿಯೊಂದು ಆ ಕಂಪ್ಯೂಟರಿನ ಬಯಾಸ್‌ನಲ್ಲೇ ಬರೆದಿರುತ್ತಿತ್ತು. ಬಯಾಸ್ ಎಂದರೆ ಸ್ವಿಚ್ ಒತ್ತಿದ ಕೂಡಲೇ ಮೊದಲು ಏಳುವ, ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಪುಟ್ಟ ತಂತ್ರಾಂಶ. ಹೊಸ ಡಿಸ್ಕ್ ಹಾಕಬೇಕಿದ್ದರೆ ಅದು ಪಟ್ಟಿಯಲ್ಲಿರುವ ಒಂದು ನಮೂನೆಗೆ ಹೊಂದಬೇಕು, ಇಲ್ಲವಾದರೆ ಇಲ್ಲ. ಹಳೆಯ ಕಂಪ್ಯೂಟರಿಗೆ ಯಾವ ಡಿಸ್ಕ್ ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ.

ಮುಂದಿನದು ತಿಳಿಯಬೇಕಾದರೆ ಡಿಸ್ಕಿನೊಳಗಿನ ವಿಳಾಸದ ಪದ್ಧತಿ ಸ್ವಲ್ಪ ಗೊತ್ತಿರಬೇಕು. ತಟ್ಟೆಯ ಮೇಲೆ ಬಳೆಯೊಳಗೆ ಬಳೆ ಇಟ್ಟಂತೆ ಸುತ್ತುಗಳು. ಪ್ರತಿ ಸುತ್ತನ್ನೂ ಚೂರು ಮಾಡಿ ಮನೆಗಳಾಗಿಸಿದ್ದಾರೆ. ಒಂದು ಮನೆಗೆ 512 ಬೈಟ್. ಇಂದಿನ ಯೂನಿಕೋಡ್ ಕನ್ನಡದಲ್ಲಿ ಬರೆದರೆ ಈ ಪ್ಯಾರಾ ಒಂದೇ ಮನೆಯಲ್ಲಿ ಹಿಡಿಸುವುದಿಲ್ಲ. ಮನೆಯ ವಿಳಾಸಕ್ಕೆ ಮೂರು ಅಂಕಿ: ಎಷ್ಟನೇ ಸುತ್ತು, ಎಷ್ಟನೇ ತಟ್ಟೆಯ ಯಾವ ಮೈ, ಆ ಸುತ್ತಿನಲ್ಲಿ ಎಷ್ಟನೇ ಚೂರು. ಇಂಗ್ಲಿಷಿನವರು ಸಿಲಿಂಡರ್, ಹೆಡ್, ಸೆಕ್ಟರ್ ಅನ್ನುತ್ತಾರೆ. ನಾವು ಕೇರಿ, ಸಾಲು, ಮನೆ ನಂಬರ್ ಅಂದುಕೊಂಡರೆ ಕೆಲಸ ನಡೆಯುತ್ತದೆ.

ಅರ್ಜಿ ಫಾರಂನಲ್ಲಿ ಮನೆ ನಂಬರಿಗೆ ಎರಡೇ ಚೌಕವಿದ್ದರೆ 99ರ ಆಚೆಯ ಮನೆಯವರು ಏನು ಬರೆಯಬೇಕು? ಇಡೀ ತೊಂದರೆ ಇರುವುದು ಇಲ್ಲೇ. ಬಯಾಸ್‌ನವರು ಮಾಡಿಕೊಂಡ ಫಾರಂನಲ್ಲಿ 1,024 ಕೇರಿ, 256 ಸಾಲು, 63 ಮನೆಗೆ ಜಾಗ. 1980ರ ದಶಕದ ನಡುವೆ ಐಡಿಇ ಎಂಬ ಹೊಸ ಜೋಡಣೆ ಬಂತು, ಚಪ್ಪಟೆ ಪಟ್ಟಿಯಂಥ ಬೂದು ಕೇಬಲ್ ನೋಡಿದ್ದೀರಲ್ಲ, ಅದು. ಅದನ್ನು ಮಾಡಿದವರದು ಬೇರೆಯದೇ ಫಾರಂ: 65,536 ಕೇರಿ, ಆದರೆ 16 ಸಾಲು ಮಾತ್ರ, 255 ಮನೆ. ಎರಡೂ ತಮ್ಮಷ್ಟಕ್ಕೆ ಧಾರಾಳವಾಗಿಯೇ ಇದ್ದವು. ಬಯಾಸ್‌ನದು 840 ಕೋಟಿ ಬೈಟಿಗೆ, ಅಂದರೆ 8.4 ಜಿಬಿಗೆ ಸಾಲುತ್ತಿತ್ತು. ಐಡಿಇಯದು 137 ಜಿಬಿಗೆ ತೀರ ಹತ್ತಿರ. ಆದರೆ ಒಂದೇ ವಿಳಾಸ ಎರಡೂ ಫಾರಂನಲ್ಲಿ ಬರೆಯಬರಬೇಕಾದರೆ ಪ್ರತಿ ಕಾಲಮ್ಮಿನಲ್ಲೂ ಚಿಕ್ಕದೇ ಗತಿ. 1,024 ಕೇರಿ, 16 ಸಾಲು, 63 ಮನೆ. ಗುಣಿಸಿ ನೋಡಿ: 10,32,192 ಮನೆ, ತಲಾ 512 ಬೈಟ್. 52,84,82,304 ಬೈಟ್. ಅಂದರೆ 528 ಎಂಬಿ!

ಎರಡು ಇಲಾಖೆಗಳು ಒಬ್ಬರನ್ನೊಬ್ಬರು ಕೇಳದೆ ಫಾರಂ ಅಚ್ಚು ಹಾಕಿಸಿದರೆ ಆಗುವುದೇ ಆಯಿತು. 10 ಎಂಬಿಯ ಕಾಲದಲ್ಲಿ 528 ಎಂದರೆ ಯಾರಿಗೆ ಬೇಕಾಗಿತ್ತು? 1990ರ ದಶಕದ ನಡುವಿಗೆ ಬಂದಾಗ ಬೇಕಾಯಿತು. ಅಂಗಡಿಯಲ್ಲಿ 800 ಎಂಬಿ, ಒಂದು ಜಿಬಿ ಡಿಸ್ಕುಗಳು ಬಂದವು, ಮನೆಯ ಕಂಪ್ಯೂಟರ್ 528ರ ಮುಂದೆ ಹೋಗಲು ಒಪ್ಪಲಿಲ್ಲ. ಡಿಸ್ಕ್ ತಯಾರಕರು ಫ್ಲಾಪಿಯಲ್ಲಿ ಡಿಸ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ಕೊಟ್ಟು ಬಯಾಸ್‌ಗೆ ಕಣ್ಕಟ್ಟು ಮಾಡಿಸಿದರು. 1994ರ ಆಸುಪಾಸಿನಿಂದ ಬಂದ ಬಯಾಸ್‌ಗಳು ಒಂದು ಫಾರಂನ ವಿಳಾಸವನ್ನು ಇನ್ನೊಂದಕ್ಕೆ ತಾವೇ ತರ್ಜುಮೆ ಮಾಡತೊಡಗಿದವು. ಬರಬರುತ್ತ ಕೇರಿ ಸಾಲುಗಳ ಗೊಡವೆಯನ್ನೇ ಬಿಟ್ಟು, ಊರಿಗೆಲ್ಲ ಒಂದೇ ಓಟದಲ್ಲಿ ಮನೆ ನಂಬರ್ ಕೊಡುವ ಎಲ್‌ಬಿಎ ಪದ್ಧತಿ ನೆಲೆಯಾಯಿತು.

ಆಮೇಲಿನ ಗಡಿಗಳನ್ನು ಬೇಗ ದಾಟೋಣ. ವಿಂಡೋಸ್ 95ರ ಮೊದಲ ಆವೃತ್ತಿಗೆ ಒಂದು ಡ್ರೈವ್ 2 ಜಿಬಿ ಮೀರುವಂತಿರಲಿಲ್ಲ. ಡ್ರೈವ್ ಅಷ್ಟು ದೊಡ್ಡದಾದರೆ ಒಂದು ಸಾಲಿನ ಪತ್ರವೂ 32 ಕೆಬಿ ನುಂಗುತ್ತಿತ್ತು. 8.4 ಜಿಬಿಯ ಬಳಿ ಒಂದು ಗಡಿ. 1990ರ ದಶಕದ ಕೊನೆಯ ಕೆಲವು ಬಯಾಸ್‌ಗಳು 33.8 ಜಿಬಿ ದಾಟಿದ ಡಿಸ್ಕ್ ಕಂಡರೆ ಅಲ್ಲೇ ಸ್ತಬ್ಧವಾಗಿಬಿಡುತ್ತಿದ್ದವು. ಅದಕ್ಕೇ ಆ ಕಾಲದ ಡಿಸ್ಕುಗಳ ಹಿಂಬದಿಯಲ್ಲಿ, 32 ಜಿಬಿಯಷ್ಟೇ ಇದ್ದೇನೆ ಎಂದು ಸುಳ್ಳು ಹೇಳಿಸುವ ಒಂದು ಪುಟ್ಟ ಜಂಪರ್ ಇರುತ್ತಿತ್ತು.

ಗಡಿಗಳು ಇಷ್ಟು ಬೇಗ ಬೇಗ ಎದುರಾದದ್ದಕ್ಕೂ ಕಾರಣವಿದೆ. ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿ ಒಂದು ಸಂಗತಿ ಕಂಡರು. ಕೆಲವೇ ಅಣುಗಳಷ್ಟು ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಇಟ್ಟರೆ, ತೀರ ದುರ್ಬಲ ಕಾಂತಕ್ಷೇತ್ರಕ್ಕೂ ಅವುಗಳ ವಿದ್ಯುತ್ ರೋಧ ಎದ್ದು ಕಾಣುವಷ್ಟು ಬದಲಾಗುತ್ತದೆ. ಓದುವ ಹೆಡ್ ಇಷ್ಟು ಸೂಕ್ಷ್ಮವಾದರೆ ತಟ್ಟೆಯ ಮೇಲೆ ಇನ್ನೂ ಒತ್ತಾಗಿ ಬರೆಯಬಹುದಲ್ಲ. 1997ರಲ್ಲಿ ಐಬಿಎಂ ಇದೇ ಉಪಾಯದ 16.8 ಜಿಬಿ ಡಿಸ್ಕ್ ಮಾರುಕಟ್ಟೆಗೆ ತಂದಿತು. 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಅಷ್ಟು ಹೊತ್ತಿಗೆ 1 ಟಿಬಿ ಡಿಸ್ಕ್ ಅಂಗಡಿಗೆ ಬಂದಾಗಿತ್ತು.

ಈಗ ನಮ್ಮನ್ನು ಕೆಡವಿದ ಗಡಿಗೆ ಬರೋಣ. ಐಡಿಇ ಜೋಡಣೆಯಲ್ಲಿ ಮನೆ ನಂಬರಿಗೆ 28 ಚೌಕ, ಪ್ರತಿ ಚೌಕದಲ್ಲೂ ಸೊನ್ನೆ ಅಥವಾ ಒಂದು. ಅದರಲ್ಲಿ ಬರೆಯಬಹುದಾದ ಮನೆಗಳು 26,84,35,456. ತಲಾ 512ರಂತೆ 137 ಜಿಬಿ. ವಿಂಡೋಸ್ ಲೆಕ್ಕದಲ್ಲಿ 128. 2001ರಲ್ಲಿ ಮ್ಯಾಕ್ಸ್‌ಟರ್ ಕಂಪನಿ 160 ಜಿಬಿ ಡಿಸ್ಕ್ ತಂದು ಆ ಗಡಿ ದಾಟಿತು. ಅದಕ್ಕಾಗಿ ಚೌಕಗಳನ್ನು 48ಕ್ಕೆ ಏರಿಸಿದ ಹೊಸ ಪದ್ಧತಿಯೂ ಬಂತು. ಈಗ 14.4 ಕೋಟಿ ಜಿಬಿವರೆಗೆ ಚಿಂತೆಯಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿಯೂ ಬಿಡುಗಡೆಯಾಯಿತು. ಆದರೆ ಮೊದಲು ಬಂದ ಎಕ್ಸ್‌ಪಿಗೆ 28 ಚೌಕವೇ ಗೊತ್ತಿದ್ದದ್ದು. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಸರ್ವಿಸ್ ಪ್ಯಾಕ್ 1 ಅದಕ್ಕೆ 48 ಕಲಿಸಿತು.

ನಮ್ಮ ಪತ್ರಿಕೆಯ ಕಂಪ್ಯೂಟರಿನಲ್ಲಿದ್ದದ್ದು ಆ ಮೊದಲ ಎಕ್ಸ್‌ಪಿ. ಇಂಟರ್ನೆಟ್ ಕಂಡದ್ದಲ್ಲ, ಒಂದು ಸರ್ವಿಸ್ ಪ್ಯಾಕನ್ನೂ ಹಾಕಿಸಿಕೊಂಡದ್ದಲ್ಲ. ಅದೇ ಎಕ್ಸ್‌ಪಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ದರೆ ಅದು 127 ಜಿಬಿ ಮಾತ್ರ ತೋರಿಸುತ್ತಿತ್ತು, 20ಕ್ಕೂ ಹೆಚ್ಚು ಜಿಬಿ ವ್ಯರ್ಥವಾಗುತ್ತಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಮಾಡಿದ್ದರಿಂದ ಡಿಸ್ಕಿನ ಮೊದಲ ಪುಟದಲ್ಲಿ 149 ಎಂದು ದಾಖಲಾಗಿತ್ತು. ಎಕ್ಸ್‌ಪಿ ಆ ದಾಖಲೆಯನ್ನು ನಂಬಿತು. ನಂಬಿ ಬರೆಯುತ್ತ ಹೋಯಿತು. 28 ಚೌಕ ತುಂಬಿದ ಮೇಲೆ ಮುಂದಿನ ಮನೆ ಯಾವುದು?

ಹಳೆಯ ಬೈಕಿನ ಮೀಟರ್ 99,999 ಆದ ಮೇಲೆ 00000ಕ್ಕೆ ಬರುತ್ತದಲ್ಲ, ಹಾಗೆ. ಹನ್ನೆರಡನೇ ವರ್ಷದ ಸಂಚಿಕೆಗಳು ಸೊನ್ನೆಯಿಂದ ಬರೆದುಕೊಂಡವು. ಮೊದಲು ಅಳಿಸಿದ್ದು ಡಿಸ್ಕಿನ ಮೊದಲ ಪುಟವನ್ನು, ಆಮೇಲೆ ಮೊದಲ ವರ್ಷದ ನಾಲ್ಕು ತಿಂಗಳನ್ನು. ಒಂದು ಶಬ್ದವಿಲ್ಲ, ಎಚ್ಚರಿಕೆಯಿಲ್ಲ. ಕಾಪಿ ಮುಗಿಯಿತು ಎಂದೇ ಬೆಳಿಗ್ಗೆ ತೆರೆಯ ಮೇಲಿತ್ತು.

ಹೀಗಾಗಿ ಹಳೆಯ ಯಂತ್ರಕ್ಕೆ ಡಿಸ್ಕ್ ಹುಡುಕುವವರು ಬೆಲೆ ಕೇಳುವ ಮೊದಲು ಯಂತ್ರದ ವಯಸ್ಸು ಕೇಳಬೇಕು. ಮುಚ್ಚಳ ಬಿಚ್ಚಿ ನೋಡಿ. ಅಗಲ ಪಟ್ಟಿಯ ಕೇಬಲ್ ಇದ್ದರೆ ಐಡಿಇ. ಅದರಲ್ಲೂ 2000ಕ್ಕಿಂತ ಹಿಂದಿನದಾದರೆ 32 ಜಿಬಿಯ ಒಳಗೇ ಇರುವುದು ಕ್ಷೇಮ, ಆಮೇಲಿನದಾದರೆ 80 ಅಥವಾ 120 ಜಿಬಿ. ಅದಕ್ಕಿಂತ ದೊಡ್ಡದು ಹಾಕಲೇಬೇಕೆಂದರೆ ಬಯಾಸ್‌ಗೂ ವಿಂಡೋಸ್‌ಗೂ ಎರಡಕ್ಕೂ 48 ಚೌಕ ಗೊತ್ತಿರಬೇಕು. ಹೊಸ ಐಡಿಇ ಡಿಸ್ಕುಗಳ ತಯಾರಿಕೆ ನಿಂತು ವರ್ಷಗಳಾದವು, ಸಿಗುವುದೆಲ್ಲ ಬಳಸಿದ್ದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದದ್ದಾದರೂ ಅಷ್ಟೆ, ಹಿಂದೆ ಎಷ್ಟು ತಿರುಗಿದೆಯೋ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಬೆರಳಗಲದ ತೆಳು ಕೇಬಲ್ ಇದ್ದರೆ ಸಾಟಾ, 2003ರಿಂದ ಈಚಿನದು. ಅಲ್ಲಿ ಕಾಯುವ ಗಡಿ ಇನ್ನೊಂದು. ಡಿಸ್ಕಿನ ಯಾವ ಭಾಗ ಯಾವ ಡ್ರೈವಿಗೆ ಎಂದು ಬರೆದಿಡುವ ಪಟ್ಟಿ 1983ರದ್ದು, 10 ಎಂಬಿ ಡಿಸ್ಕಿಗೆಂದು ಮಾಡಿದ್ದು. ಅದರಲ್ಲಿ 32 ಚೌಕ. ಹಾಗಾಗಿ 2.2 ಟಿಬಿಗೆ ಮುಗಿಯುತ್ತದೆ. 3 ಟಿಬಿ ಡಿಸ್ಕನ್ನು ಎಕ್ಸ್‌ಪಿಗೆ ಸಿಕ್ಕಿಸಿದರೆ ಕೆಲವೊಮ್ಮೆ 746 ಜಿಬಿ ಮಾತ್ರ ಕಾಣುವುದೂ ಬೈಕಿನ ಮೀಟರಿನ ಕಥೆಯೇ. ಅಂಥ ಯಂತ್ರಕ್ಕೆ 2 ಟಿಬಿ ಮೇಲಿನದು ಬೇಡ.

ದೊಡ್ಡ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ನಂಬಿದವರೂ ಇದ್ದಾರೆ. ರಾಮ್ಯಾಕ್ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿತ್ತು. ಇಂದಿನ ಸಾಮಾನ್ಯ ಡಿಸ್ಕ್ 7,200. ಜಾಗ 5 ಎಂಬಿಯಿಂದ 20 ಟಿಬಿಗೆ, ಅಂದರೆ 40 ಲಕ್ಷ ಪಟ್ಟು ಬೆಳೆದರೂ ಸುತ್ತು ಬೆಳೆದದ್ದು ಆರೇ ಪಟ್ಟು. ಬೇಕಾದ ಮನೆ ಹೆಡ್ಡಿನ ಕೆಳಗೆ ಬರುವವರೆಗೆ ಇವತ್ತಿಗೂ ಸರಾಸರಿ 4 ಮಿಲಿಸೆಕೆಂಡ್ ಕಾಯಲೇಬೇಕು, ಹೆಡ್ ಆ ಸುತ್ತಿಗೆ ಸರಿಯುವ ಹೊತ್ತು ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲವಾದ್ದರಿಂದ ಈ ಕಾಯುವಿಕೆ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ವಿಂಡೋಸ್ 7 ಅಥವಾ ಅದಕ್ಕಿಂತ ಈಚಿನದು ಇರುವ ಸಾಟಾ ಯಂತ್ರವಾದರೆ ಸಣ್ಣದೊಂದು ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೆಯ ಡಿಸ್ಕನ್ನು ಫೋಟೋ ಫೈಲುಗಳಿಗೆ ಬಿಡುವುದೇ ನಮ್ಮ ಮತ. ಆದರೆ ದಾಖಲೆ ಇಟ್ಟು ಬೀರುವಿನಲ್ಲಿ ಮುಚ್ಚಿಡಲು ಎಸ್‌ಎಸ್‌ಡಿ ಬೇಡ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅದು ಬರೆದುಕೊಂಡದ್ದನ್ನು ಮರೆಯಬಹುದು.

ಇನ್ನೊಂದು ಮಾತು. ಹೊಸ ಡಿಸ್ಕ್ ಹಾಕಿದಾಗ ತೆರೆಯ ಮೇಲೆ ಪೂರ್ತಿ ಜಾಗ ಕಂಡಿತೆಂದು ಸಮಾಧಾನಪಡಬೇಡಿ, ನಮಗೂ ಕಂಡಿತ್ತು. ಹೋದರೂ ಪರವಾಗಿಲ್ಲದ ಸಿನಿಮಾ ಗಿನಿಮಾ ತುಂಬಿ ಡಿಸ್ಕಿನ ಹೊಟ್ಟೆ ಭರ್ತಿ ಮಾಡಿ. ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಮೊಟ್ಟಮೊದಲು ಹಾಕಿದ ಫೈಲು ತೆರೆಯುತ್ತದೆಯೇ ನೋಡಿ. ತೆರೆದರೆ ಎಲ್ಲ ಅಳಿಸಿ ನಿಮ್ಮದನ್ನು ಹಾಕಿ. ಅಷ್ಟಾದ ಮೇಲೂ ಹಳೆಯ ಡಿಸ್ಕನ್ನು ಗುಜರಿಗೆ ಕೊಡಬೇಡಿ.

ನಮ್ಮ ಪೆಂಟಿಯಂ ಈಗಲೂ ಇದೆ. ಅದರಲ್ಲಿ 80 ಜಿಬಿಯ ಐಡಿಇ ಡಿಸ್ಕ್. ಪೇಜ್‌ಮೇಕರಿನ ಹಳೆಯ ಪುಟ ತೆರೆದು ಪಿಡಿಎಫ್ ಮಾಡುವುದಷ್ಟೇ ಅದರ ಕೆಲಸ. ಸ್ಕ್ಯಾನ್‌ಗಳು ಎರಡು ಬೇರೆ ಡಿಸ್ಕಿನಲ್ಲಿವೆ, ಒಂದು ಈ ಊರಿನಲ್ಲಿ, ಇನ್ನೊಂದು ಗೆಳೆಯರೊಬ್ಬರ ಊರಿನಲ್ಲಿ. ಮೊದಲ ನಾಲ್ಕು ತಿಂಗಳ ಸಂಚಿಕೆಗಳಿಗಾಗಿ ಹಳೆಯ ಚಂದಾದಾರರ ಮನೆ ಮನೆ ಸುತ್ತುತ್ತಿದ್ದೇವೆ. ಇದುವರೆಗೆ ಎರಡು ಸಿಕ್ಕಿವೆ. ಒಂದು ಒಬ್ಬರ ತಂದೆಯ ಫೋಟೋ ಅಚ್ಚಾಗಿತ್ತೆಂದು ಮಡಿಸಿ ಇಟ್ಟದ್ದು. ಇನ್ನೊಂದನ್ನು ಅಜ್ಜಿಯೊಬ್ಬರು ಸೀರೆಯ ಟ್ರಂಕಿನ ತಳಕ್ಕೆ ಹಾಸಿದ್ದರು.